ಹಿಡಕಲ್ ನೀರು ಒಲ್ಲೆನೆಂದ ಅರಿವೆ

ದೆವ್ವ, ಗಾಳಿ, ಮಾಟ ಅಂತ ಯಾರಾದರೂ ಮಾತು ತೆಗೆದರೆ ಎದ್ದು ಅಡುಗೆಮನೆಗೆ ಹೋಗಿಬಿಡುವವಳು ನಾನು. ಯಮಕನಮರಡಿಯ ನನ್ನ ತವರಿನಲ್ಲಿ ನಮ್ಮ ತಂದೆ ಇಂಥ ಮಾತನ್ನು ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಮಾಡಿದ ಕರ್ಮ ಮಾಡಿದವನ ಬೆನ್ನಿಗೆ, ನಡುವೆ ದೆವ್ವಕ್ಕೇನು ಕೆಲಸ ಅನ್ನುತ್ತಿದ್ದರು. ಓಣಿಯ ಹೆಂಗಸರು ಹೈವೇ ಪಕ್ಕದ ಹುಣಸೆಮರದ ಕತೆ ಹೇಳಿದರೆ, ಅಲ್ಲಿ ನಿಮಗೆ ಕಂಡದ್ದು ಕುಡಿದು ಬಿದ್ದ ಲಾರಿ ಡ್ರೈವರ್ ಇರಬೇಕು ಅಂತ ನಾನು ನಗುತ್ತಿದ್ದೆ. ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಹೇಳಬೇಕಾದದ್ದು ಒಂದು ಅರಿವೆಯ ಸಂಗತಿ. ನೀರು ಸೋಸುವ ಅರಿವೆ. ಆದರೆ ನನ್ನ ಗಂಡನ ಮೀನಿನ ಹುಚ್ಚನ್ನು ಮೊದಲು ಹೇಳದಿದ್ದರೆ ಅದು ತಿಳಿಯುವುದಿಲ್ಲ. ಅದನ್ನು ಹೇಳುವಾಗ ನನ್ನ ಮಾತು ಕಹಿಯಾದರೆ ಸಹಿಸಿಕೊಳ್ಳಿ. ಅವರು ತೀರಿಹೋಗಿ ವರ್ಷಗಳಾದವು, ಕಹಿ ಮಾತ್ರ ಹೋಗಿಲ್ಲ.

ನನ್ನನ್ನು ಕೊಟ್ಟದ್ದು ಮೂಡಲಗಿಗೆ. ನಮ್ಮವರದು ಅಲ್ಲಿ ಬೀಜ, ಗೊಬ್ಬರ, ಬೆಳೆ ಔಷಧದ ಅಂಗಡಿ. ತುಕ್ಕಾನಟ್ಟಿ ಕಡೆಯ ರೈತರೆಲ್ಲ ಅವರ ಗಿರಾಕಿಗಳು. ಜೈನರ ಮನೆ, ಬಸ್ತಿಗೆ ಕಾಣಿಕೆ ಕೊಡುವುದರಲ್ಲಿ ಮುಂದು, ಮುನಿಗಳು ಊರಿಗೆ ಬಂದರೆ ಮೊದಲ ಆಹಾರ ನಮ್ಮ ಮನೆಯದೇ ಆಗಬೇಕೆಂದು ಅತ್ತೆಯ ಹಟ. ಉಳ್ಳಾಗಡ್ಡೆ ಸಹ ಒಳಗೆ ಬಾರದ ಆ ಮನೆಯ ಮಗ ಮೀನಿನ ಗಾಳ ಹಿಡಿದನೆಂದರೆ ಯಾರು ನಂಬಬೇಕು? ಯಾರೂ ನಂಬುವ ಪ್ರಸಂಗ ಬರದ ಹಾಗೆ ಅವರು ನೋಡಿಕೊಂಡರು. ಅದಕ್ಕೆ ನನ್ನನ್ನು ಬಳಸಿಕೊಂಡರು.

ತೊಂಬತ್ತರ ದಶಕದ ಮೊದಲಲ್ಲಿ ಒಂದು ಔಷಧ ಕಂಪನಿಯವರು ಹೆಚ್ಚು ಮಾಲು ಮಾರಿದ ಅಂಗಡಿಕಾರರನ್ನು ಹೆಂಡತಿ ಸಮೇತ ವಿಮಾನದಲ್ಲಿ ಅಂಡಮಾನಿಗೆ ಕರೆದೊಯ್ದರು. ಹುಡುಗಿಯ ಹಾಗೆ ಕುಣಿದುಕೊಂಡು ಹೋಗಿದ್ದೆ ನಾನು. ಅಲ್ಲಿ ದೋಣಿಯಲ್ಲಿ ಯಾರೋ ನಮ್ಮವರ ಕೈಗೆ ಗಾಳದ ಕೋಲು ಕೊಟ್ಟರು, ಒಂದು ಮೀನು ಸಿಕ್ಕಿತು, ಚೇಷ್ಟೆಗೆ ಹಿಡಿದದ್ದೆಂದು ತಿರುಗಿ ನೀರಿಗೆ ಬಿಟ್ಟರು. ದೋಣಿಯಿಂದ ಇಳಿದ ಅವರ ಮುಖದಲ್ಲಿ ಎಂಥ ಕಳೆಯಿತ್ತೆಂದರೆ, ನಮ್ಮ ಮದುವೆಯ ದಿನವೂ ನಾನು ಅದನ್ನು ಕಂಡಿರಲಿಲ್ಲ. ಅವತ್ತೇ ನನ್ನ ಸಂಸಾರ ನೀರುಪಾಲಾಯಿತು ಅಂದುಕೊಂಡರೂ ತಪ್ಪಿಲ್ಲ.

ಆಮೇಲೆ ವರ್ಷಕ್ಕೆ ಎರಡು ಸಲ, ಮೂರು ಸಲ ಶುರುವಾಯಿತು. ಹತ್ತಿರದಲ್ಲಿ ಹಿಡಕಲ್ ಜಲಾಶಯವಿದೆ, ಗೋಕಾಕಿನಲ್ಲಿ ಘಟಪ್ರಭಾ ಹೊಳೆಯಿದೆ. ಆದರೆ ಅಲ್ಲಿ ಗಾಳ ಹಾಕಿ ಕುಳಿತರೆ ಸಂಜೆಯೊಳಗೆ ಸುದ್ದಿ ಬಸ್ತಿಯ ಕಟ್ಟೆ ಮುಟ್ಟುತ್ತದೆ. ಆದ್ದರಿಂದ ಎಷ್ಟು ದೂರವೋ ಅಷ್ಟು ಒಳ್ಳೆಯದು. ಬೆಳಗಾವಿಯ ಸಾಂಬ್ರಾದಿಂದ ಸಣ್ಣ ವಿಮಾನ ಹಾರುತ್ತಿದ್ದಾಗ ಅಲ್ಲಿಂದ, ಅದು ನಿಂತಾಗ ಗೋವಾದಿಂದ. ಗಾಳದ ಕೋಲಿನ ಉದ್ದ ಚೀಲ ಗೊಬ್ಬರದ ಗೋದಾಮಿನಲ್ಲಿ ಇರುತ್ತಿತ್ತು, ಕೇಳಿದವರಿಗೆ ಔಷಧ ಹೊಡೆಯುವ ಪಂಪಿನ ಪೈಪು. ಮನೆಯಲ್ಲಿ ಹೇಳುವುದು ಮಾತ್ರ ಯಾತ್ರೆ. ಶಿಖರಜಿ, ಪಾವಾಪುರಿ, ಗಿರನಾರ. ಒಬ್ಬರೇ ಯಾತ್ರೆಗೆ ಹೋದರೆ ನಾಲ್ಕು ಮಂದಿ ನಾಲ್ಕು ಮಾತಾಡುತ್ತಾರೆ, ಹೆಂಡತಿಯನ್ನು ಕರೆದುಕೊಂಡು ಹೋದರೆ ಭಕ್ತ ಅನ್ನುತ್ತಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ಕಾವಲಿಗೆ ನಿಂತವಳು ನಾನು. ತಿರುಗಿ ಬಂದಾಗ ಅತ್ತೆ ಬಾಗಿಲಲ್ಲೇ ನಮ್ಮ ಕಾಲಿಗೆ ನೀರೆರೆದು, ಯಾತ್ರೆಯ ಕಾಲು ಅಂತ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಆಗ ನೆಲ ಬಾಯಿ ಬಿಡಬಾರದೇ ಅನಿಸುತ್ತಿತ್ತು ನನಗೆ. ನಮ್ಮವರು ಮಾತ್ರ ಕಾಲು ಮುಂದೆ ಚಾಚಿ ನಿಲ್ಲುತ್ತಿದ್ದರು.

ಆ ಜಾಗಗಳಲ್ಲಿ ನಾನೇನು ಮಾಡುತ್ತಿದ್ದೆ ಅಂತ ನೀವು ಕೇಳಬಹುದು. ಕೂತಿರುತ್ತಿದ್ದೆ. ಬಂಡೆಯ ಮೇಲೆ, ಮರಳ ಮೇಲೆ, ಮುರಿದ ದೋಣಿಯ ಮೇಲೆ. ಭಾಷೆ ಬಾರದ ಊರು, ಮಾತಾಡಲು ಒಬ್ಬರಿಲ್ಲ. ಊರಿಂದ ತಂದ ಅವಲಕ್ಕಿ, ಶೇಂಗಾ ಚಟ್ನಿ ತಿನ್ನುವುದು, ಜಪ ಮಾಡುವುದು, ಅವರ ಬೆನ್ನು ನೋಡುವುದು. ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವವರಲ್ಲ. ಇನ್ನೇನು ಬಂದೆ ಅನ್ನುತ್ತ ಅವರು ಕತ್ತಲಾಗುವವರೆಗೆ ಬರುತ್ತಿರಲಿಲ್ಲ, ಅವರನ್ನು ಬಿಟ್ಟು ಹೇಗೆ ಉಣ್ಣಲಿ ಅಂತ ನಾನು ಕಾಯುತ್ತಿದ್ದೆ, ಕೊನೆಗೆ ಹಸಿದೇ ಮಲಗುತ್ತಿದ್ದೆ. ಅವರು ಕತ್ತಲಲ್ಲಿ ದೋಣಿಯವರ ಜೊತೆ ಕೂತು ಉಣ್ಣುತ್ತಿದ್ದರು. ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಆ ಜೋಡಿ ನಮ್ಮದು.

ಜೀವಹಿಂಸೆ ಅಂತ ನಾನು ಒಮ್ಮೆ ಬಾಯಿ ತೆಗೆದದ್ದಕ್ಕೆ ಅವರ ಬಳಿ ಉತ್ತರ ಸಿದ್ಧವಿತ್ತು.

"ಕೊಲ್ಲೂದಿಲ್ಲ ಏನಿಲ್ಲ, ಹಿಡದ ಬಿಡತೇನಿ. ನೀ ಅರಿವ್ಯಾಗ ಹಿಡದ ಬಿಡತಿ, ನಾ ಗಾಳದಾಗ ಹಿಡದ ಬಿಡತೇನಿ. ಏನ ಫರಕ ಐತಿ?"

"ನನ್ನ ಅರಿವ್ಯಾಗ ಮುಳ್ಳ ಇಲ್ಲರಿ" ಅಂದೆ. ಎರಡು ದಿನ ಮಾತು ಬಿಟ್ಟರು.

ಅರಿವೆ ಅಂದದ್ದು ಯಾವುದೆಂದು ಹೇಳುತ್ತೇನೆ. ನಮ್ಮಲ್ಲಿ ನೀರನ್ನು ಎರಡು ಪದರದ ದಪ್ಪ ಅರಿವೆಯಲ್ಲಿ ಸೋಸಿಯೇ ಕುಡಿಯಬೇಕು. ಸೋಸಿದರೆ ಅರ್ಧ ಕೆಲಸ. ಅರಿವೆಯ ಮೇಲೆ ಕಣ್ಣಿಗೆ ಕಾಣದ ಜೀವಗಳು ಉಳಿದಿರುತ್ತವೆ. ಅರಿವೆ ತಿರುವಿ, ಸೋಸಿದ ನೀರನ್ನೇ ಮೇಲೆ ಸುರಿದು, ಅವನ್ನು ಬಂದ ನೀರಿಗೇ ಬಿಡಬೇಕು. ಬಾವಿಯದು ಆ ಬಾವಿಗೆ, ಹೊಳೆಯದು ಆ ಹೊಳೆಗೆ. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಬಾಳುವುದಿಲ್ಲ ಅನ್ನುವುದು ಹಿರಿಯರ ಮಾತು. ಮದುವೆಯಲ್ಲಿ ನನ್ನ ತಾಯಿ ಕೊಟ್ಟ ಅರಿವೆ ನನ್ನದು, ಒಂದು ಮೂಲೆಗೆ ಕೆಂಪು ದಾರದಲ್ಲಿ ಸಣ್ಣ ಹೂವು ಹೊಲಿದಿದ್ದಳು. ಗಂಡ ಕರೆದಲ್ಲೆಲ್ಲ ಹೋದೆ, ಸುಳ್ಳಿಗೆ ಬಾಯಿ ಮುಚ್ಚಿಕೊಂಡಿದ್ದೆ, ಆದರೆ ಈ ಒಂದು ಕೆಲಸ ಎಲ್ಲಿಯೂ ತಪ್ಪಿಸಿರಲಿಲ್ಲ. ಇದೊಂದೇ ನನ್ನದು ಅಂತ ಉಳಿದಿತ್ತು.

ಅದು ಆ ದಶಕದ ಕೊನೆಯ ವರ್ಷಗಳಲ್ಲಿ ಒಂದು ಬೇಸಿಗೆ. ಗುವಾಹಟಿಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಜೀಪಿನಲ್ಲಿ ಗುಡ್ಡದ ದಾರಿ ಹಿಡಿದೆವು. ದಾರಿಯುದ್ದಕ್ಕೂ ವಾಂತಿಯಾಗಿ ನಾನು ಸೆರಗು ಮುಖದ ಮೇಲೆ ಎಳೆದುಕೊಂಡು ಬಿದ್ದಿದ್ದೆ. ಎಲ್ಲಿಗೆ ಹೊರಟಿದ್ದೇವೆ ಅಂತ ಕೇಳಿದರೆ ಅವರು ಹೇಳುತ್ತಿರಲಿಲ್ಲ. ಮೀನು ಹಿಡಿಯುವವರಲ್ಲಿ ಅದೊಂದು ಚಾಳಿ. ಒಳ್ಳೆಯ ಜಾಗದ ಹೆಸರು ಯಾರಿಗೂ ಬಿಡಬಾರದು, ಬಿಟ್ಟರೆ ನಾಳೆ ಹತ್ತು ಮಂದಿ ಬಂದು ಕೂರುತ್ತಾರೆ. ಹೆಂಡತಿಗೂ ಹೇಳಬಾರದೇನ್ರಿ ಅಂದರೆ, ಹೆಂಡತಿಗಂತೂ ಹೇಳಲೇಬಾರದು ಅಂತ ನಗುತ್ತಿದ್ದರು. ಮುಂಬೈಯ ಒಬ್ಬ ಗೆಳೆಯ ಫೋನಿನಲ್ಲಿ ಜಾಗ ಗೊತ್ತು ಮಾಡುತ್ತಿದ್ದ, ಜೀಪಿನವನಿಗೆ ಅವನೇ ಹೇಳಿರುತ್ತಿದ್ದ. ನಾನು ಸಾಮಾನಿನ ಚೀಲದ ಹಾಗೆ ಹತ್ತುತ್ತಿದ್ದೆ, ಇಳಿಯುತ್ತಿದ್ದೆ.

ಹೊಳೆ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಹಸಿರು ನೀರು, ತಳದ ಕಲ್ಲು ಎಣಿಸುವಷ್ಟು ತಿಳಿ, ಎರಡೂ ಕಡೆ ಕಾಡು. ಅಲ್ಲಿ ಅವರಿಗೆ ಒಂದೂ ಮೀನು ಸಿಗಲಿಲ್ಲ. ದಿನದಿನಕ್ಕೆ ಸಿಟ್ಟು ಏರುತ್ತಿತ್ತು, ನಾನು ಬಂದದ್ದೇ ಅಪಶಕುನ ಅನ್ನುವವರೆಗೆ ಹೋಯಿತು. ಹೊರಡುವ ದಿನ ಬೆಳಗ್ಗೆ ದಾರಿಗೆಂದು ತಂಬಿಗೆಯಲ್ಲಿ ನೀರು ಸೋಸಿಕೊಂಡು, ಅರಿವೆ ಜಾಲಿಸಲು ದಂಡೆಯಲ್ಲಿ ಬಗ್ಗಿದ್ದೆ. ಜೀಪು ಹಾರ್ನ್ ಹೊಡೆಯುತ್ತಿತ್ತು. ಅವರು ಇಳಿದು ಬಂದು ಅರಿವೆಯನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ಏ, ಸಾಕ ಮಾಡ! ವಿಮಾನ ನಿಮ್ಮಪ್ಪ ನಿಲ್ಲಸತಾನೇನು?"

"ಒಂದ ನಿಮಿಷ ತಡೀರಿ, ಜೀವ ಅದಾವ ಅದರಾಗ" ಅಂದೆ. ಕೇಳಿಸಿಕೊಳ್ಳಲಿಲ್ಲ. ಹಸಿ ಅರಿವೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಜೀಪಿನೊಳಗೆ ಎಸೆದರು. ನಾನು ಅತ್ತುಕೊಂಡೇ ಹತ್ತಿದೆ. ವಿಮಾನದಲ್ಲಿ ಆ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಅವರು ಪಕ್ಕದಲ್ಲಿ ಗೊರಕೆ ಹೊಡೆದರು.

ಮೂಡಲಗಿಗೆ ಬಂದ ಮೇಲೆ ಅರಿವೆಯನ್ನು ಮಾಳಿಗೆಯ ಮೇಲೆ ಹಗ್ಗಕ್ಕೆ ಹಾಕಿದೆ. ಏನು ಮಾಡಬೇಕೆಂದು ತಿಳಿದಿರಲಿಲ್ಲ, ಒಣಗಲಿ ಅಂತ ಹಾಕಿದೆ ಅಷ್ಟೆ. ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ಪಕ್ಕದಲ್ಲಿ ಹರವಿದ ಮೆಣಸಿನಕಾಯಿ ಒಂದೇ ದಿನಕ್ಕೆ ಗಲಗಲ ಅನ್ನುತ್ತಿತ್ತು. ಅರಿವೆ ಸಂಜೆಗೂ ಹಸಿಯಾಗಿತ್ತು. ಮರುದಿನವೂ ಹಸಿ. ಇಬ್ಬನಿ ಬಿದ್ದಿರಬೇಕು ಅಂದುಕೊಂಡೆ, ಬೇಸಿಗೆಯಲ್ಲಿ ಎಲ್ಲಿಯ ಇಬ್ಬನಿ. ವಾರವಾಯಿತು. ಇಸ್ತ್ರಿ ಮಾಡಿ ನೋಡಿದೆ, ಚುಸ್ ಅಂತ ಹಬೆ ಬಂತು, ಮಡಿಸುವಷ್ಟರಲ್ಲಿ ಮತ್ತೆ ತಣ್ಣಗೆ ಕೈಗೆ ಹತ್ತಿತು. ನೀರು ತೊಟ್ಟಿಕ್ಕುತ್ತಿರಲಿಲ್ಲ, ನಾತ ಬರುತ್ತಿರಲಿಲ್ಲ. ಈಗ ತಾನೇ ಹಿಂಡಿದ ಹಾಗೆ ಇರುತ್ತಿತ್ತು, ಅಷ್ಟೆ.

ಮೊದಲು ಗಮನಿಸಿದ್ದು ಅತ್ತೆ. ಮೆಣಸಿನಕಾಯಿ ತಿರುವಲು ಮಾಳಿಗೆಗೆ ಬಂದವರು ಅರಿವೆ ಮುಟ್ಟಿ ನೋಡಿದರು.

"ಇದ್ಯಾಕವಾ ತಂಗಿ, ಇನ್ನೂ ಹಸಿ ಐತಿ? ಎಲ್ಲೀ ನೀರ ಸೋಸಿದ್ದಿ?"

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಮೆಟ್ಟಿಲ ಬಳಿಯಿಂದ ಹೇಳಿದರು: "ಶಿಖರಜಿ ಬಾವೀದವಾ."

"ಹಂಗಾರ ಅಲ್ಲೇ ಬಿಟ್ಟ ಬರಬೇಕಾಗಿತ್ತು. ಇಷ್ಟೂ ತಿಳೀಲಿಲ್ಲೇನ ನಿನಗ?" ಅಂತ ಅತ್ತೆ ನನ್ನ ಕಡೆ ತಿರುಗಿದರು. ಅವರು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ಸಾಯುವವರೆಗೆ ಅವರ ಕುಡಿಯುವ ನೀರನ್ನು ಅವರೇ ಸೋಸಿಕೊಂಡರು, ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಮಗ ಅಲ್ಲೇ ನಿಂತಿದ್ದ. ತುಟಿ ಎರಡು ಮಾಡಲಿಲ್ಲ.

ಆ ರಾತ್ರಿ ನಾನು ಮದುವೆಯಾದ ಮೇಲೆ ಮೊದಲ ಸಲ ನಮ್ಮವರ ಬಳಿ ನನಗಾಗಿ ಒಂದು ಮಾತು ಕೇಳಿದೆ.

"ಒಮ್ಮೆ ಆ ಹೊಳಿಗೆ ಕರಕೊಂಡ ಹೋಗ್ರಿ. ನೀವ ಗಾಳ ಹಾಕ್ರಿ, ನಾ ಅರಿವಿ ಜಾಲಿಸತೇನಿ. ಮತ್ತ ಏನೂ ಕೇಳಾಂಗಿಲ್ಲ."

"ಅಲ್ಲೇನೈತಿ? ಅಷ್ಟ ದಿನಾ ಕುಂತ್ನಿ, ಒಂದ ಮೀನ ಮೂಸಿ ನೋಡಲಿಲ್ಲ" ಅಂದರು. ಆಮೇಲೆ ಜೋರಾಗಿ ನಕ್ಕರು. "ಅರಿವಿ ತೊಳ್ಯಾಕ ಯಾರರ ವಿಮಾನದಾಗ ಹೋಗತಾರನು? ಮಂದಿ ಕೇಳಿದ್ರ ಹಲ್ಲ ಕಿಸೀತಾರ."

ಮೀನು ಹಿಡಿದು ಬಿಡಲು ದೇಶದ ಮೂಲೆಮೂಲೆಗೆ ಹಾರಬಹುದು, ಜೀವ ಬಿಟ್ಟುಬರಲು ಹಾರಬಾರದು. ನಾನು ಬಿಡಲಿಲ್ಲ, ಉಣ್ಣುವಾಗ, ಅಂಗಡಿಗೆ ಹೊರಡುವಾಗ, ಮಲಗುವಾಗ ಅದನ್ನೇ ಕೇಳಿದೆ. ಬೇಸತ್ತು ಒಂದು ದಿನ ಅವರು, ನೀರೆಲ್ಲಾ ಒಂದ, ಹಿಡಕಲ್ಲಿಗೆ ಹೋಗಿ ಬಿಟ್ಟ ಬರೂಣ ನಡಿ ಅಂದರು. ಮನಸ್ಸು ಒಪ್ಪಲಿಲ್ಲ. ಆದರೂ ಹೊರಟೆ. ಏನೂ ಇಲ್ಲದ್ದಕ್ಕಿಂತ ಹೊಳೆ ಕಟ್ಟಿ ನಿಲ್ಲಿಸಿದ ನೀರಾದರೂ ಮೇಲು ಅಂದುಕೊಂಡೆ. ಅತ್ತೆಗೆ ಯಮಕನಮರಡಿಯ ತವರಿಗೆ ಹೋಗಿಬರುತ್ತೇವೆ ಅಂತ ಹೇಳಿದರು. ಗೋಕಾಕು ದಾಟುವಾಗ ಅಂಗಡಿಯ ವ್ಯಾನಿನ ಹಿಂದಿನ ಸೀಟಿಗೆ ಕೈ ಹಾಕಿ ನೋಡುತ್ತೇನೆ, ಪಂಪಿನ ಪೈಪಿನ ಚೀಲ! ನನ್ನ ಒಂದು ಕೆಲಸಕ್ಕೆ ಬಂದಾಗಲೂ ಅದನ್ನು ತಂದಿದ್ದರು.

ನಡು ಮಧ್ಯಾಹ್ನ. ಜಲಾಶಯದ ಕೆಲಸಗಾರರ ಕಾಲೊನಿಯ ಕಡೆ ಹೋಗದೆ ಹಿನ್ನೀರಿನ ಒಂದು ಬದಿಗೆ ವ್ಯಾನು ನಿಲ್ಲಿಸಿದರು. ಬೇಸಿಗೆಯಲ್ಲಿ ನೀರು ಬಹಳ ಕೆಳಗಿಳಿದು, ಮುಳುಗಿದ ಹಳೆಯ ಊರಿನ ಗೋಡೆಗಳ ಬುಡ ಹೊರಗೆ ಕಾಣುತ್ತಿತ್ತು. ಬಿರಿದ ಕೆಸರಿನ ಮೇಲೆ ನಡೆದು ನೀರಿಗೆ ಹೋದೆವು. ಆ ಬಿಸಿಲಲ್ಲಿ ದಂಡೆಯ ಮೇಲೆ ನರಪಿಳ್ಳೆ ಇರಲಿಲ್ಲ, ದೂರದಲ್ಲಿ ಒಬ್ಬ ಮೀನುಗಾರ ಬುಟ್ಟಿಯಂಥ ಹರಿಗೋಲಿನಲ್ಲಿ ಬಲೆ ಸರಿಪಡಿಸುತ್ತಿದ್ದ.

ಸೀರೆ ಎತ್ತಿಕೊಂಡು ಮೊಣಕಾಲು ನೀರಿಗೆ ಇಳಿದೆ. ಅರಿವೆ ತಿರುವಿ ಹರಡಿ, ತಂಬಿಗೆಯಿಂದ ನೀರು ಸುರಿದೆ. ಸುರಿದ ನೀರು ಅರಿವೆಯ ಮೇಲೆ ನಿಲ್ಲಲಿಲ್ಲ. ಎಲೆಯ ಮೇಲಿನ ಹನಿಯ ಹಾಗೆ ಉರುಳಿ ಹೋಯಿತು. ಮುಳುಗಿಸಿದರೆ ಅಂಗೈಯಡಿಯಿಂದ ಮೇಲಕ್ಕೆ ಏಳುತ್ತಿತ್ತು. ಎರಡು ಕೈಯಿಂದ ಒತ್ತಿ ಹಿಡಿದೆ, ಮತ್ತೆ ಎದ್ದಿತು. ಗಾಳಿ ಸೇರಿಕೊಂಡಿದೆ ಅಂದುಕೊಂಡೆ, ಹಿಂಡಿದೆ, ಮತ್ತೆ ಒತ್ತಿದೆ. ನನ್ನ ಹೆಣಗಾಟ ನೋಡಿ ಅವರಿಗೆ ಸಹನೆ ತಪ್ಪಿತು. ಬಂದು ಮತ್ತೆ ನನ್ನ ಕೈಯಿಂದ ಕಿತ್ತುಕೊಂಡರು. ದಂಡೆಯ ಒಂದು ಕಲ್ಲನ್ನು ನಡುವೆ ಇಟ್ಟು, ಹಲ್ಲಿನಿಂದ ಜಗ್ಗಿ ಎರಡು ಗಂಟು ಬಿಗಿದು, ಬೀಸಿ ದೂರ ಎಸೆದರು. ಗುಡುಂ ಅಂತ ಬಿದ್ದು ಮುಳುಗಿತು.

"ಮುಗೀತ. ಹೊಸಾದ ಒಂದ ತಗೊ. ಇನ್ನ ಸುಮ್ಮ ಕುಂದರ."

ತಾಯಿ ಹೊಲಿದ ಕೆಂಪು ಹೂವು ಕಣ್ಣೆದುರೇ ಹೋಯಿತು. ನಾನು ಹಳೆಯ ಗೋಡೆಯ ಬುಡದಲ್ಲಿ ಕುಳಿತೆ. ಅವರು ಟವೆಲನ್ನು ತಲೆಗೆ ಸುತ್ತಿ, ಚೀಲದಿಂದ ಕೋಲು ತೆಗೆದು, ಗೋಡೆಯ ಆ ಬದಿಗೆ, ಅರಿವೆ ಬಿದ್ದ ಕಡೆಯಿಂದ ಒಂದು ಕೂಗಳತೆ ದೂರ ಹೋಗಿ ಗಾಳ ಹಾಕಿದರು. ಆ ಬದಿಯ ನೀರಿಗೂ ಈ ಬದಿಯ ನೀರಿಗೂ ನಡುವೆ ಮಣ್ಣಿನ ದಿಬ್ಬ ಚಾಚಿತ್ತು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ತೇಲಿಕೊಂಡು ಬಂದಿರಬೇಕು ಅಂತ ನನ್ನ ತಮ್ಮ ಈಗಲೂ ಹೇಳುತ್ತಾನೆ.

ಸ್ವಲ್ಪ ಹೊತ್ತಿಗೆ ಅವರ ಕೂಗು ಕೇಳಿತು.

"ಏ, ಬಾ ಇಲ್ಲಿ! ಲಗೂ ಬಾ, ನೋಡ ಬಾ!"

ಅಷ್ಟು ವರ್ಷ ಅವರ ಜೊತೆ ತಿರುಗಿದರೂ, ಹಿಡಿದದ್ದನ್ನು ನೋಡು ಬಾ ಅಂತ ನನ್ನನ್ನು ಕರೆದದ್ದು ಅದೇ ಮೊದಲು. ಎದ್ದು ಹೋದೆ. ಕೋಲು ಬಿಲ್ಲಿನ ಹಾಗೆ ಬಾಗಿತ್ತು. ದಾರ ಗಿರ್ರೆಂದು ಬಿಚ್ಚಿಕೊಳ್ಳುತ್ತಿತ್ತು. ಅವರು ಕಾಲೂರಿ ಹಿಂದಕ್ಕೆ ಜಗ್ಗುತ್ತಿದ್ದರು, ನೀರಿನೊಳಗಿನದು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಎಳೆಯುತ್ತಿತ್ತು, ಒಮ್ಮೆಯಂತೂ ಅವರನ್ನು ಕೆಸರಲ್ಲಿ ಮುಂದಕ್ಕೆ ಜಾರಿಸಿತು. ಹರಿಗೋಲಿನವನು ಕೆಲಸ ಬಿಟ್ಟು ಹುಟ್ಟು ಹಾಕುತ್ತ ಹತ್ತಿರ ಬಂದ.

"ದೊಡ್ಡದ ಐತ್ರಿ ಸಾಹೇಬ್ರ. ಜಗ್ಗಬ್ಯಾಡ್ರಿ, ಸಡ್ಲ ಬಿಡ್ರಿ, ದಣೀಲಿ."

ನಮ್ಮವರು ಸಡಿಲ ಬಿಟ್ಟು, ಸುತ್ತಿ, ಮತ್ತೆ ಸಡಿಲ ಬಿಟ್ಟು, ಬೆವರು ಇಳಿಸಿದರು. ಮುಖದಲ್ಲಿ ಅಂಡಮಾನಿನ ಕಳೆ. ನಾನೂ ಒಂದು ಗಳಿಗೆ ಎಲ್ಲ ಮರೆತು ನೀರಿನಂಚಿಗೆ ಬಗ್ಗಿ ನೋಡಿದೆ. ಕೊನೆಗೆ ಅದು ಸೋತು ದಂಡೆಗೆ ಬಂತು. ನೀರಿನಿಂದ ಮೇಲೆದ್ದದ್ದು ಒಂದು ಗೇಣಿನ ಅರಿವೆಯ ಗಂಟು.

ಗಾಳದ ಮುಳ್ಳು ಕೆಂಪು ಹೂವಿನ ಮೂಲೆಗೇ ಸಿಕ್ಕಿತ್ತು. ನಾನು ಹೋಗಿ ಕೈಗೆತ್ತಿಕೊಂಡೆ. ಅವರು ಹಲ್ಲಿನಿಂದ ಬಿಗಿದ ಎರಡೂ ಗಂಟು ಹಾಗೇ ಇದ್ದವು, ಬಿಚ್ಚುವಾಗ ನನ್ನ ಉಗುರು ಕಿತ್ತುಬಂತು. ಒಳಗೆ ಕಲ್ಲಿರಲಿಲ್ಲ. ಏನೂ ಇರಲಿಲ್ಲ.

ಮೊದಲು ನಕ್ಕದ್ದು ನಮ್ಮವರೇ. ನಗು ಸರಿಯಾಗಿ ಹೊರಡಲಿಲ್ಲ. ಹಿಡದದ್ದನ್ನ ಬಿಡೂದಲಾ, ಅಂತ ಏನೋ ಹೇಳುತ್ತ ಅರಿವೆಯನ್ನು ಉಂಡೆ ಮಾಡಿ ಬಲಗಡೆ ನೀರಿಗೆ ಎಸೆದರು. ಈ ಸಲ ಕಲ್ಲಿಲ್ಲದೆಯೂ ಮುಳುಗಿತು. ಎಡಗಡೆ, ತದ್ವಿರುದ್ಧ ದಿಕ್ಕಿಗೆ ಗಾಳ ಬೀಸಿದರು. ಈ ಸಲ ಜಗ್ಗಾಟವಿಲ್ಲ. ಗಾಳ ನೀರು ಮುಟ್ಟಿದ್ದೇ ತಡ, ದಾರ ಮೆಲ್ಲಗೆ ಬಿಗಿಯಾಯಿತು. ಸುತ್ತಿದರು. ಸಂಜೆ ಹಟ್ಟಿಗೆ ತಾನಾಗಿ ಬರುವ ದನದ ಹಾಗೆ ಅರಿವೆ ಅವರ ಕಾಲ ಬುಡಕ್ಕೆ ಬಂತು. ಅದೇ ಮೂಲೆ, ಅದೇ ಹೂವು.

ಹರಿಗೋಲಿನವನು ನೀರು ಮುಟ್ಟಿ ಹಣೆಗೊತ್ತಿಕೊಂಡು, ಒಂದೂ ಮಾತಾಡದೆ ಹುಟ್ಟು ಹಾಕಿಕೊಂಡು ಹೊರಟುಹೋದ. ಅವನು ಮಾತಾಡಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ನಮ್ಮವರು ಅರಿವೆಯನ್ನು ಮುಟ್ಟದೆ, ಚಾಕುವಿನಿಂದ ದಾರ ಕೊಯ್ದರು. ನಾನು ಮುಳ್ಳು ಬಿಡಿಸಿ, ಅರಿವೆ ಮಡಿಸಿ ತಂಬಿಗೆಯಲ್ಲಿಟ್ಟೆ. ಹಿಂದಿರುಗುವಾಗ ಗೋಕಾಕಿನಲ್ಲಿ ವ್ಯಾನು ನಿಲ್ಲಿಸಿ ಒಂದು ಪೊಟ್ಟಣ ಕರದಂಟು ತಂದು ನನ್ನ ಮಡಿಲಿಗೆ ಹಾಕಿದರು. ನಾನು ಕೇಳದೆ ಅವರು ಕೊಡಿಸಿದ್ದು ಅದೊಂದೇ. ಹೆದರಿದ್ದಾರೆ, ಇನ್ನು ಕರೆದುಕೊಂಡು ಹೋಗುತ್ತಾರೆ ಅಂತ ಆಸೆಪಟ್ಟು ಅದನ್ನು ತಿಂದೆ.

ಕೆಲವು ದಿನದ ಮೇಲೆ ವಿಮಾನದ ಟಿಕೆಟ್ ತಂದು ಮುಂದಿಟ್ಟರು. ಕಣ್ಣು ತುಂಬಿ ಬಂದವು. ಯಾವ ಕಡೇದರಿ ಅಂತ ಕೇಳಿದೆ. ಲಕ್ಷದ್ವೀಪದ ಕಡೆ ಅಂತೆ. ಅಲ್ಲಿ ಸಮುದ್ರದಲ್ಲಿ ಆಳೆತ್ತರದ ಮೀನು ಸಿಗುತ್ತದಂತೆ. ಹಿಡಕಲ್ಲಿನ ಮಾತು ಎತ್ತಿದರೆ, "ಕಸಾ ಸಿಕ್ಕತ ಗಾಳಕ್ಕ, ಅದನ್ನೇನ ಹಿಡಕೊಂಡ ಕುಂತಿ" ಅಂದರು. ತಮ್ಮ ಕಣ್ಣಿಂದ ಕಂಡವರು, ತಮ್ಮ ಕೈಯಿಂದ ಜಗ್ಗಿದವರು! ಬಂದದ್ದು ದೆವ್ವವೇ ಆಗಿದ್ದರೆ ಅದಕ್ಕೂ ನಾಚಿಕೆಯಾಗಿರಬೇಕು, ಇಂಥವರ ಮುಂದೆ ಬಂದೆನಲ್ಲ ಅಂತ. ನಾನು ಬರುವುದಿಲ್ಲ ಅಂದೆ. ಅವರು ಒಬ್ಬರೇ ಹೋದರು. ಆಮೇಲೆ ಪ್ರತಿ ಸಲ ಒಬ್ಬರೇ ಹೋದರು, ಮನೆಯಲ್ಲಿ ಯಾತ್ರೆ ಅಂತಲೇ ಹೇಳಿದರು. ಹೆಂಡತಿಗೆ ಭಕ್ತಿ ಕಡಿಮೆ ಅಂತ ಊರು ನನ್ನನ್ನೇ ಆಡಿಕೊಂಡಿತು.

ಅತ್ತೆ ಕೊನೆಯವರೆಗೂ ಶಿಖರಜಿಗೆ ಹೋಗಿ ಆ ನೀರು ಬಿಟ್ಟು ಬಾ ಅನ್ನುತ್ತಲೇ ತೀರಿಕೊಂಡರು. ನಿಜ ಹೇಳೋಣ ಅಂತ ಎಷ್ಟೋ ಸಲ ಅವರ ಹಾಸಿಗೆಯ ಬಳಿ ಹೋಗಿ ಬಂದೆ. ಸಾಯುವ ಮುದುಕಿಗೆ ಮಗನನ್ನು ಕಸಿದುಕೊಳ್ಳುವ ಮನಸ್ಸಾಗಲಿಲ್ಲ.

ಅರಿವೆ ಸ್ಟೀಲಿನ ಡಬ್ಬಿಯಲ್ಲಿತ್ತು. ಬಿಸಿಲಿಗೆ ಹಾಕುತ್ತಿದ್ದೆ, ತೆಗೆದಿಡುತ್ತಿದ್ದೆ. ಮಳೆ, ಚಳಿ, ಬೇಸಿಗೆ, ಅದರ ಹಸಿ ಹಸಿಯೇ. ಬೂಸ್ಟು ಹಿಡಿಯಲಿಲ್ಲ, ನೂಲು ಕೊಳೆಯಲಿಲ್ಲ.

ಹೀಗೆ ಕೆಲವು ವರ್ಷ ಕಳೆದವು. ನಮ್ಮವರಿಗೆ ಸಕ್ಕರೆ ಕಾಯಿಲೆ ಏರಿ, ಕಾಲು ಕೆಟ್ಟು, ಗೋಕಾಕಿನ ಒಂದು ದವಾಖಾನೆಯಲ್ಲಿ ಮಲಗಿದರು. ಒಂದು ಮಧ್ಯಾಹ್ನ ನಾನು ಅವರಿಗೆ ನೀರು ಸೋಸಿಕೊಡುತ್ತಿದ್ದೆ. ನನ್ನ ಕೈಯಲ್ಲಿದ್ದ ಬೇರೆ ಅರಿವೆಯನ್ನೇ ನೋಡುತ್ತ ಇದ್ದವರು ತಾವಾಗಿ ಕೇಳಿದರು.

"ಆ ಅರಿವಿ ಇನ್ನೂ ಐತೇನು?"

"ಐತ್ರಿ."

"ಇನ್ನೂ ಹಸಿ ಐತಿ?"

"ಹಸೀನ ಐತ್ರಿ."

"ನಾ ಎದ್ದ ಮ್ಯಾಲ ಹೋಗಿ ಬಿಟ್ಟ ಬರೂಣು" ಅಂದರು. ಏಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಆ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆನೋ, ಕೈಯಲ್ಲಿನ ಲೋಟ ಕೆಳಗಿಟ್ಟು ಹತ್ತಿರ ಸರಿದೆ.

"ನೀವ ಎದ್ದ ಬರೂದ ಬ್ಯಾಡರಿ, ನಾನ ಹೋಗತೇನಿ. ಯಾವ ಹೊಳಿ ಅದು? ಹೆಸರಷ್ಟ ಹೇಳ್ರಿ."

ಕಣ್ಣು ಮುಚ್ಚಿ ನೆನೆಸಿಕೊಳ್ಳತೊಡಗಿದರು. ಮೋಸವಿಲ್ಲ, ನಿಜವಾಗಿಯೂ ನೆನೆಸಿಕೊಂಡರು. ಇಂಥ ಹೊಳೆಯಲ್ಲಿ ಇಂಥ ಮೀನು, ಇಷ್ಟು ತೂಕ, ಇಂಥ ಕಡಲಲ್ಲಿ ರೆಕ್ಕೆಯ ಬಣ್ಣ ಇಂಥದು, ಎಷ್ಟು ಹೊತ್ತು ಆಡಿಸಿತು, ಹೇಗೆ ಬಿಟ್ಟೆ. ಅದುವರೆಗೆ ನನ್ನಿಂದ ಮುಚ್ಚಿಟ್ಟ ಹೆಸರುಗಳೆಲ್ಲ ಒಂದೊಂದಾಗಿ ಹೊರಗೆ ಬಂದವು. ನಾನು ಹಾಸಿಗೆಯ ಅಂಚು ಹಿಡಿದು ಕುಳಿತಿದ್ದೆ. ಕೊನೆಗೆ ಕಣ್ಣು ತೆರೆದು ನನ್ನನ್ನೇ ಕೇಳಿದರು.

"ಅಲ್ಲಿ ನಾ ಏನ ಹಿಡದ್ನಿ?"

"ಏನೂ ಹಿಡೀಲಿಲ್ಲರಿ."

"ಹಂಗಾರ ನೆನಪಿಲ್ಲ" ಅಂದರು.

ಆ ವಾರದಲ್ಲೇ ತೀರಿಕೊಂಡರು. ಮುಂಬೈಯ ಗೆಳೆಯನ ಮನೆಗೆ ಫೋನು ಮಾಡಿಸಿದೆ, ಅವನು ಅವರಿಗಿಂತ ಮೊದಲೇ ಹೋಗಿದ್ದ. ಜೀಪಿನವನ ಮುಖ ಸಹ ನನಗೆ ನೆನಪಿಲ್ಲ, ದಾರಿಯಲ್ಲಿ ನಾನು ಕಣ್ಣು ತೆರೆದವಳೇ ಅಲ್ಲವಲ್ಲ.

ಇದರ ಅರ್ಥವೇನೆಂದು ಕೇಳಿದರೆ ನನಗೆ ತಿಳಿಯದು. ಬಸ್ತಿಗೆ ಬಂದ ಒಬ್ಬ ಮುನಿಗಳಿಗೆ ಹೇಳಿದೆ, ಅವರು ಕೇಳಿಸಿಕೊಂಡು, ಕೈಯೆತ್ತಿ ಆಶೀರ್ವದಿಸಿ ಕಳಿಸಿದರು. ನನ್ನ ತಮ್ಮ ಹೇಳುವಂತೆ ಅರಿವೆ ತೇಲಿ ಬಂದಿರಬಹುದು, ಕಲ್ಲು ಜಾರಿರಬಹುದು, ಅದರ ನೂಲಿಗೆ ಏನೋ ಉಪ್ಪು ಹತ್ತಿರಬಹುದು. ಇರಬಹುದು. ಗಂಟು ಬಿಚ್ಚಿದ್ದು ಅವನಲ್ಲ, ನಾನು.

ಈಗ ನನ್ನ ಅಣ್ಣನ ಮಗ ಒಳ್ಳೆಯ ಕೆಲಸದಲ್ಲಿದ್ದಾನೆ, ನನ್ನ ಮೇಲೆ ಪ್ರೀತಿ ಅವನಿಗೆ. ಮೊನ್ನೆ ಡಬ್ಬಿ ತೆರೆದು ಅರಿವೆ ಮುಟ್ಟಿ ನೋಡಿ, ಬೆರಳನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ ಫೋನು ಕೈಗೆತ್ತಿಕೊಂಡು, "ಎಲ್ಲಿಗೆ ಹೋಗಬೇಕ ಹೇಳ್ರಿ ಅತ್ತಿ, ಈಗಿಂದೀಗ ಟಿಕೆಟ್ ತಗಸತೇನಿ" ಅಂದ.

ನನ್ನ ಬಾಳಿನಲ್ಲಿ ಆ ಮಾತನ್ನು ನನ್ನನ್ನು ಕೇಳಿದವರು ಯಾರೂ ಇರಲಿಲ್ಲ. ಅವನು ಹೊಳೆಯ ಹೆಸರಿಗಾಗಿ ಕಾಯುತ್ತ ನಿಂತಿದ್ದ. ನಾನು ಡಬ್ಬಿಯ ಮುಚ್ಚಳ ಹಾಕಿದೆ.